ಮೊತ್ತ ಸರಿ, ಖಾತೆ ಸರಿ, ಸಂದೇಶ ಮಾತ್ರ ವಾಪಸ್: ಅಪ್ಲಿಕೇಶನ್ ಹೆಡರ್ ಹೊಂದಿಸುವ ಬಗೆ

ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಪಾವತಿ ಸಂದೇಶ ಹೋಗಬೇಕು. ಮೊತ್ತ ಸರಿ ಇದೆ. ಖಾತೆ ಸಂಖ್ಯೆ ಸರಿ ಇದೆ. ಕಳಿಸುವವರ ಹೆಸರು, ಪಡೆಯುವವರ ಹೆಸರು ಎಲ್ಲ ಸರಿ. ಆದರೂ ಸಂದೇಶ ಹೊರಟ ಕ್ಷಣದಲ್ಲೇ ತಿರಸ್ಕಾರವಾಗಿ ವಾಪಸ್ ಬರುತ್ತದೆ. ಪಾವತಿ ವಿಭಾಗದವರು ಮೊತ್ತವನ್ನೇ ಮತ್ತೆ ಮತ್ತೆ ನೋಡುತ್ತಾರೆ. ತಪ್ಪು ಅಲ್ಲಿರುವುದಿಲ್ಲ. ಹಣದ ಮಾತು ಶುರುವಾಗುವ ಮೊದಲೇ ಬರುವ ನಾಲ್ಕಾರು ಸಾಲುಗಳಲ್ಲಿ ಇರುತ್ತದೆ. ಆ ಸಾಲುಗಳೇ ಅಪ್ಲಿಕೇಶನ್ ಹೆಡರ್.

ಹಣಕಾಸು ಸಂದೇಶವನ್ನು ಓದುವ ತಂತ್ರಾಂಶಗಳು ಎರಡು ಬಗೆ. ಒಂದು ಬಗೆಯದು ಒಳಗಿನ ಪಾವತಿಯನ್ನು ಓದಿ ಖಾತೆಗೆ ಜಮಾ ಮಾಡುತ್ತದೆ. ಇನ್ನೊಂದು ದಾರಿಯಲ್ಲಿ ಕೂತಿರುತ್ತದೆ. ಇದು ಯಾರಿಂದ ಯಾರಿಗೆ, ಯಾವ ಬಗೆಯ ಸಂದೇಶ, ಯಾವ ನಿಯಮ ಹಚ್ಚಿ ಪರೀಕ್ಷಿಸಬೇಕು, ಮೊದಲೇ ಒಮ್ಮೆ ಬಂದಿತ್ತಾ ಎಂದಷ್ಟೇ ನೋಡಿ ಮುಂದೆ ಕಳಿಸುತ್ತದೆ. ಹೆಡರ್ ಇರುವುದು ಈ ಎರಡನೆಯದಕ್ಕಾಗಿ. ದಾರಿ ತೋರಿಸಲು ಸಂದೇಶದ ಒಡಲನ್ನು ಬಿಚ್ಚಿ ನೋಡುವ ಪ್ರಸಂಗ ಬರಬಾರದು ಎಂಬುದೇ ಅದರ ಹಿಂದಿನ ಲೆಕ್ಕಾಚಾರ.

ಹೆಡರ್ ಕಾನ್ಫಿಗರ್ ಮಾಡುವುದೆಂದರೆ ಸುಮ್ನೆ ಖಾಲಿ ಜಾಗ ತುಂಬುವ ಕೆಲಸ ಎಂದು ಅನೇಕರು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿನ ಅಸಲಿ ಕೆಲಸ ಪ್ರತಿ ಫೀಲ್ಡ್‌ಗೂ ಒಬ್ಬ ಯಜಮಾನನನ್ನು ಗೊತ್ತು ಮಾಡುವುದು. ಯಾವುದನ್ನು ಪಾವತಿ ಅಪ್ಲಿಕೇಶನ್ ತುಂಬಬೇಕು, ಯಾವುದನ್ನು ಗೇಟ್‌ವೇ (ಬ್ಯಾಂಕನ್ನು ಜಾಲಕ್ಕೆ ಜೋಡಿಸುವ ತಂತ್ರಾಂಶ) ತುಂಬಬೇಕು, ಯಾವುದನ್ನು ನೆಟ್‌ವರ್ಕಿಗೆ ಬಿಡಬೇಕು? ಒಂದೇ ಸಂಗತಿಯನ್ನು ಇಬ್ಬರು ಎರಡು ಕಡೆ ಬರೆದಾಗ ಮತ್ತು ಆ ಎರಡು ಹೊಂದದೇ ಹೋದಾಗ ರಗಳೆ ಶುರುವಾಗುತ್ತದೆ.

ಹಳೆಯ ಎಂಟಿ ಸಂದೇಶದ ಹೆಡರ್

ಬ್ಯಾಂಕ್‌ಗಳ ನಡುವೆ ಹಣಕಾಸು ಸಂದೇಶ ಸಾಗಿಸುವ ಸ್ವಿಫ್ಟ್ ಸಂಸ್ಥೆ 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿತು. 1977ರಲ್ಲಿ ಅದರ ಜಾಲ ಸಂದೇಶ ಸಾಗಿಸಲು ಶುರು ಮಾಡಿತು. ಟೆಲೆಕ್ಸ್ ಜಾಗಕ್ಕೆ ಬಂದ ವ್ಯವಸ್ಥೆ ಅದು. ಅದರ ಹಳೆಯ ಸಂದೇಶ ರೂಪಕ್ಕೆ ಎಂಟಿ, ಅಂದರೆ ಮೆಸೇಜ್ ಟೈಪ್, ಎನ್ನುತ್ತಾರೆ. ಎಂಟಿಯ ಅಪ್ಲಿಕೇಶನ್ ಹೆಡರ್‌ನಲ್ಲಿ ಫೀಲ್ಡ್‌ಗಳಿಗೆ ಹೆಸರಿಲ್ಲ, ಬರೀ ಸ್ಥಾನ ಇದೆ. ಎಷ್ಟನೆಯ ಅಕ್ಷರ ಎಂಬುದರ ಮೇಲೆ ಅರ್ಥ ನಿಂತಿದೆ. ಒಂದು ಅಕ್ಷರ ಆಚೀಚೆ ಆದರೆ ಮುಂದಿನದೆಲ್ಲ ತಪ್ಪು.

ಎಂಟಿ ಸಂದೇಶದಲ್ಲಿ ಐದು ಬ್ಲಾಕ್‌ಗಳಿವೆ. ಮೊದಲನೆಯದು ಬೇಸಿಕ್ ಹೆಡರ್, ಎರಡನೆಯದು ಅಪ್ಲಿಕೇಶನ್ ಹೆಡರ್, ಮೂರನೆಯದು ಯೂಸರ್ ಹೆಡರ್. ನಾಲ್ಕನೆಯದರಲ್ಲಿ ಸಂದೇಶದ ಒಡಲು, ಐದನೆಯದರಲ್ಲಿ ಟ್ರೇಲರ್. ಇಲ್ಲಿ ನಮಗೆ ಬೇಕಾದದ್ದು ಮುಖ್ಯವಾಗಿ ಎರಡನೆಯ ಬ್ಲಾಕ್.

ನೀವು ಸಂದೇಶ ಕಳಿಸುವಾಗ ಈ ಬ್ಲಾಕ್ ಐ ಅಕ್ಷರದಿಂದ ಶುರುವಾಗುತ್ತದೆ, ಅಂದರೆ ಇನ್‌ಪುಟ್. ಕಳಿಸುವುದು ಇನ್‌ಪುಟ್ ಹೇಗಾಗುತ್ತದೆ ಅಲ್ವಾ? ಇಲ್ಲಿ ಲೆಕ್ಕ ಬ್ಯಾಂಕಿನ ಕಡೆಯಿಂದಲ್ಲ, ಜಾಲದ ಕಡೆಯಿಂದ. ಜಾಲದೊಳಕ್ಕೆ ಹೋಗುವುದು ಇನ್‌ಪುಟ್, ಜಾಲದಿಂದ ಹೊರಬಂದು ಪಡೆಯುವ ಬ್ಯಾಂಕಿಗೆ ತಲುಪುವುದು ಔಟ್‌ಪುಟ್. ಹೊಸದಾಗಿ ಈ ಕೆಲಸಕ್ಕೆ ಬಂದ ಡೆವಲಪರ್‌ಗಳು ಜಾಸ್ತಿ ಎಡವುವುದು ಇಲ್ಲೇ.

ಐ ಅಕ್ಷರದ ನಂತರ ಮೂರಂಕಿಯ ಸಂದೇಶದ ಬಗೆ ಬರುತ್ತದೆ. ಗ್ರಾಹಕರ ಪಾವತಿಗೆ 103, ಬ್ಯಾಂಕ್‌ಗಳ ನಡುವಿನ ವರ್ಗಾವಣೆಗೆ 202. ಆಮೇಲೆ 12 ಅಕ್ಷರದ ಗುರಿ ವಿಳಾಸ, ಒಂದು ಅಕ್ಷರದ ಆದ್ಯತೆ, ಒಂದಂಕಿಯ ತಲುಪುವಿಕೆ ನಿಗಾ, ಮೂರಂಕಿಯ ಗಡುವು. ಎಲ್ಲ ಸೇರಿ 21 ಅಕ್ಷರ. ಇಷ್ಟೇ.

ಆ 12 ಅಕ್ಷರದ ವಿಳಾಸವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಾಲದಲ್ಲಿ ಬ್ಯಾಂಕನ್ನು ಗುರುತಿಸುವ ಬಿಐಸಿ ಕೋಡ್ 8 ಅಥವಾ 11 ಅಕ್ಷರದ್ದು. ಹೆಡರ್ ಕೇಳುವುದು 12. ಉಳಿದ ಒಂದು ಅಕ್ಷರ ಬ್ಯಾಂಕ್ ಜಾಲಕ್ಕೆ ಸೇರುವ ಟರ್ಮಿನಲ್‌ನ ಗುರುತು. ಅದು ಬರುವುದು ಕೊನೆಯಲ್ಲಲ್ಲ, ಒಂಬತ್ತನೆಯ ಸ್ಥಾನದಲ್ಲಿ. ಮೊದಲ ಎಂಟು ಅಕ್ಷರ ಬ್ಯಾಂಕ್, ಒಂಬತ್ತನೆಯದು ಟರ್ಮಿನಲ್, ಕೊನೆಯ ಮೂರು ಶಾಖೆ. ಶಾಖೆ ಗೊತ್ತಿಲ್ಲದಿದ್ದರೆ ಅಥವಾ ಮುಖ್ಯ ಕಚೇರಿಯಾದರೆ ಮೂರು ಎಕ್ಸ್. ಕೋಡ್ ಬರೆಯುವವರು 11 ಅಕ್ಷರದ ಬಿಐಸಿಯ ತುದಿಗೆ ಒಂದು ಅಕ್ಷರ ಅಂಟಿಸಿ 12 ಮಾಡಿಬಿಡುತ್ತಾರೆ. ಉದ್ದ ಸರಿ ಬರುತ್ತದೆ, ವಿಳಾಸ ಹಾಳಾಗುತ್ತದೆ. ಇನ್ನೊಂದು ಸಂಗತಿ: ಕಳಿಸುವವರ ಕಡೆ ತಮ್ಮ ಟರ್ಮಿನಲ್‌ನ ನಿಜವಾದ ಅಕ್ಷರ ಇರಬೇಕು. ಪಡೆಯುವವರ ಕಡೆ ಎಕ್ಸ್ ಹಾಕಬೇಕು. ಅವರು ಯಾವ ಟರ್ಮಿನಲ್‌ನಲ್ಲಿ ಸಂದೇಶ ತೆಗೆದುಕೊಳ್ಳುತ್ತಾರೆ ಎಂಬುದು ಅವರ ಮನೆಯ ವಿಚಾರ.

ಆದ್ಯತೆಯಲ್ಲಿ ಎನ್ ಎಂದರೆ ಸಾಮಾನ್ಯ, ಯು ಎಂದರೆ ತುರ್ತು, ಎಸ್ ಎಂದರೆ ವ್ಯವಸ್ಥೆಯದೇ ಸಂದೇಶ. ನಿಗಾ ಅಂಕಿ 1 ಆದರೆ, ಸಂದೇಶ ಗಡುವಿನೊಳಗೆ ತಲುಪದಿದ್ದರೆ ಎಚ್ಚರಿಕೆ ಬರುತ್ತದೆ. ಅದು ಎಂಟಿ 010. ಅಂಕಿ 2 ಆದರೆ, ತಲುಪಿದಾಗ ತಿಳಿಸಲು ಎಂಟಿ 011 ಬರುತ್ತದೆ. 3 ಹಾಕಿದರೆ ಎರಡೂ ಸಿಗುತ್ತವೆ. ಆದರೆ ಮನಸ್ಸಿಗೆ ಬಂದಂತೆ ಜೋಡಿಸಲು ಬರುವುದಿಲ್ಲ. ತುರ್ತು ಸಂದೇಶಕ್ಕೆ 1 ಅಥವಾ 3 ಮಾತ್ರ. ಸಾಮಾನ್ಯ ಸಂದೇಶಕ್ಕೆ 2 ಹಾಕಬಹುದು, ಇಲ್ಲವೇ ಖಾಲಿ ಬಿಡಬಹುದು. ಗಡುವಿನ ಲೆಕ್ಕ ಐದೈದು ನಿಮಿಷದ್ದು. ತುರ್ತಿಗೆ 003, ಅಂದರೆ 15 ನಿಮಿಷ. ಸಾಮಾನ್ಯಕ್ಕೆ 020, ಅಂದರೆ 100 ನಿಮಿಷ. 003 ನೋಡಿ ಮೂರು ನಿಮಿಷ ಎಂದುಕೊಂಡು ಅದನ್ನು 015 ಮಾಡಲು ಹೋಗಬೇಡಿ.

ಇನ್ನು ಒಳಬರುವ ಸಂದೇಶ. ಅದರ ಎರಡನೆಯ ಬ್ಲಾಕ್ ಓ ಅಕ್ಷರದಿಂದ ಶುರುವಾಗುತ್ತದೆ. ರಚನೆ ಪೂರ್ತಿ ಬೇರೆ. ಬಗೆಯ ಮೂರಂಕಿ ಆದ ಮೇಲೆ ವಿಳಾಸ ಬರುವುದಿಲ್ಲ. ಮೊದಲು ಜಾಲಕ್ಕೆ ಬಂದ ಸಮಯ, ಆಮೇಲೆ 28 ಅಕ್ಷರದ ಉಲ್ಲೇಖ. ಆ ಉಲ್ಲೇಖದೊಳಗೆ ದಿನಾಂಕ, ಕಳಿಸಿದವರ ಟರ್ಮಿನಲ್ ವಿಳಾಸ, ಸೆಷನ್ ಸಂಖ್ಯೆ, ಸರಣಿ ಸಂಖ್ಯೆ ಇರುತ್ತವೆ. ಅದಾದ ಮೇಲೆ ತಲುಪಿದ ದಿನಾಂಕ, ಸಮಯ, ಆದ್ಯತೆ. ಒಟ್ಟು 47 ಅಕ್ಷರ. ಮೊದಲ ಬ್ಲಾಕ್‌ನಲ್ಲಿ ಇರುವುದು ಯಾರ ವಿಳಾಸ? ಹೊರಹೋಗುವಾಗ ಕಳಿಸುವವರದು, ಒಳಬರುವಾಗ ಪಡೆಯುವವರದು. ಅಂದರೆ ಆ ಬ್ಲಾಕ್ ಯಾವಾಗಲೂ ‘ಜಾಲದ ಈ ತುದಿಯಲ್ಲಿ ಇರುವವರು’ ಎಂದು ಹೇಳುತ್ತದೆ, ಅಷ್ಟೇ. ಮೊದಲ ಬ್ಲಾಕ್ ಎಂದರೆ ಕಳಿಸುವವರು ಎಂದು ನಂಬಿ ಬರೆದ ಪ್ರೋಗ್ರಾಂ ಒಳಬಂದ ಪ್ರತಿ ಸಂದೇಶವನ್ನೂ ತಾನೇ ಕಳಿಸಿದ್ದು ಎಂದು ದಾಖಲಿಸುತ್ತದೆ.

ಇದೆಲ್ಲ ಹಳೆಯ ಕಾಲದ್ದು, ಯಾಕೆ ಬೇಕು ಎಂದು ಕೇಳಬಹುದು. ಗಡಿಯಾಚೆಗಿನ ಪಾವತಿ ಆದೇಶಗಳಲ್ಲಿ ಎಂಟಿ ಮತ್ತು ಅದರ ಜಾಗಕ್ಕೆ ಬಂದ ಹೊಸ ಸಂದೇಶ ಮಾನದಂಡ ಐಎಸ್ಒ 20022 ಒಟ್ಟಿಗೆ ನಡೆಯುವ ಅವಧಿ 2023ರ ಮಾರ್ಚ್ 20ರಂದು ಶುರುವಾಗಿ 2025ರ ನವೆಂಬರ್ 22ಕ್ಕೆ ಮುಗಿಯಿತು. ಆದರೆ ಲೆಟರ್ ಆಫ್ ಕ್ರೆಡಿಟ್‌ನಂಥ ವ್ಯಾಪಾರ ಹಣಕಾಸಿನ ಸಂದೇಶಗಳು ಈಗಲೂ ಎಂಟಿಯಲ್ಲೇ ಇವೆ. ಬ್ಯಾಂಕಿನ ಒಳಗಿನ ಎಷ್ಟೋ ಹಳೆಯ ವ್ಯವಸ್ಥೆಗಳು ಒಳಗೊಳಗೆ ಎಂಟಿ ಭಾಷೆಯಲ್ಲೇ ಮಾತಾಡುತ್ತವೆ. ಹೊರಗೆ ಹೋಗುವಾಗ ಮಾತ್ರ ಅನುವಾದವಾಗುತ್ತದೆ.

ಹೊಸ ಹೆಡರ್, ಹೊಸ ತಲೆನೋವು

ಐಎಸ್ಒ 20022ರಲ್ಲಿ ಹೆಡರ್ ತಾನೇ ಒಂದು ಪೂರ್ಣ ಎಕ್ಸ್ಎಂಎಲ್ ತುಣುಕು, ಅಂದರೆ ಹೆಸರಿರುವ ಟ್ಯಾಗ್‌ಗಳ ನಡುವೆ ಮಾಹಿತಿ ಇಡುವ ಬರಹ. ಅದರ ಹೆಸರು ಬಿಸಿನೆಸ್ ಅಪ್ಲಿಕೇಶನ್ ಹೆಡರ್, ಗುರುತು ಹೆಡ್.001. ಪಾವತಿಯ ಒಡಲು ಬೇರೆ ತುಣುಕು, ಅದಕ್ಕೆ ಡಾಕ್ಯುಮೆಂಟ್ ಎನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ನೇಮ್‌ಸ್ಪೇಸ್ (ಟ್ಯಾಗ್‌ಗಳು ಯಾವ ಸಂದೇಶದ ಯಾವ ಆವೃತ್ತಿಯವು ಎಂದು ಹೇಳುವ ಗುರುತು), ಬೇರೆ ಬೇರೆ ಆವೃತ್ತಿ. ಎರಡನ್ನೂ ಹೊರಗಿನಿಂದ ಸುತ್ತುವ ಹೊದಿಕೆ ಒಂದೊಂದು ಜಾಲದಲ್ಲಿ ಒಂದೊಂದು ಥರ.

ಇಲ್ಲಿ ಸ್ಥಾನ ಎಣಿಸುವ ಕಷ್ಟ ಇಲ್ಲ, ಪ್ರತಿ ಫೀಲ್ಡ್‌ಗೂ ಹೆಸರಿದೆ. ಆದರೆ ಫೀಲ್ಡ್‌ಗಳ ಕ್ರಮ ಕಡ್ಡಾಯ. ಮೊದಲು ಫ್ರಮ್, ಆಮೇಲೆ ಟು, ಬಿಸಿನೆಸ್ ಮೆಸೇಜ್ ಐಡೆಂಟಿಫೈಯರ್, ಮೆಸೇಜ್ ಡೆಫಿನಿಷನ್ ಐಡೆಂಟಿಫೈಯರ್, ಬಿಸಿನೆಸ್ ಸರ್ವಿಸ್, ಕ್ರಿಯೇಷನ್ ಡೇಟ್. ಐಚ್ಛಿಕ ಫೀಲ್ಡ್ ಬೇಡವಾದರೆ ಪೂರ್ತಿ ಬಿಟ್ಟುಬಿಡಬೇಕು. ಖಾಲಿ ಟ್ಯಾಗ್ ಹಾಕಿದರೆ ಪರೀಕ್ಷೆಯಲ್ಲಿ ಫೇಲ್. ಟೆಂಪ್ಲೇಟ್ ಇಟ್ಟುಕೊಂಡು ಮೌಲ್ಯ ತುಂಬುವ ವ್ಯವಸ್ಥೆಗಳಲ್ಲಿ ಈ ಖಾಲಿ ಟ್ಯಾಗ್ ಕಾಟ ತಪ್ಪಿದ್ದಲ್ಲ.

ಫ್ರಮ್ ಮತ್ತು ಟು ನೋಡಲು ಸುಲಭ. ಆದರೆ ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲಿಯೇ. ಹಣ ಹಲವು ಬ್ಯಾಂಕ್‌ಗಳ ಮೂಲಕ ಹಾದು ಹೋಗುವಾಗ, ಫ್ರಮ್ ಎಂದರೆ ಹಣದ ಮೂಲ ಬ್ಯಾಂಕ್ ಅಲ್ಲ. ಸರಪಳಿಯ ಈ ಕೊಂಡಿಯಲ್ಲಿ ಸಂದೇಶ ಕಳಿಸುತ್ತಿರುವ ಬ್ಯಾಂಕ್. ಟು ಎಂದರೆ ಅಂತಿಮ ಬ್ಯಾಂಕ್ ಅಲ್ಲ, ಮುಂದಿನ ಬ್ಯಾಂಕ್. ಪಾವತಿ ಸಂದೇಶದ ಒಡಲಿನಲ್ಲೂ ಇದೇ ಜೋಡಿ ಇನ್‌ಸ್ಟ್ರಕ್ಟಿಂಗ್ ಏಜೆಂಟ್, ಇನ್‌ಸ್ಟ್ರಕ್ಟೆಡ್ ಏಜೆಂಟ್ ಎಂಬ ಹೆಸರಲ್ಲಿ ಇರುತ್ತದೆ. ಹೆಡರ್‌ನಲ್ಲಿ ಇರುವುದು ಇವುಗಳ ಜೊತೆ ಹೊಂದಬೇಕು. ಕೊನೆಗೆ ಹಣ ಪಡೆಯುವವರ ಬ್ಯಾಂಕ್, ಹಣ ಕಟ್ಟುವವರ ಬ್ಯಾಂಕ್ ಬೇರೆಯೇ ಫೀಲ್ಡ್‌ಗಳು. ಅವು ಕೊನೆಯವರೆಗೂ ಬದಲಾಗುವುದಿಲ್ಲ. ಫ್ರಮ್ ಮತ್ತು ಟು ಪ್ರತಿ ಕೊಂಡಿಯಲ್ಲೂ ಬದಲಾಗುತ್ತವೆ. ಹಾಗಾಗಿ ಇವನ್ನು ಪಾವತಿ ಅಪ್ಲಿಕೇಶನ್ ಒಡಲಿನಲ್ಲಿ ಒಮ್ಮೆ, ಗೇಟ್‌ವೇ ಹೆಡರ್‌ನಲ್ಲಿ ತನ್ನದೇ ಪಟ್ಟಿ ನೋಡಿ ಇನ್ನೊಮ್ಮೆ ತುಂಬುವಂತೆ ಇಡಬೇಡಿ. ಒಂದು ಕಡೆ ನಿರ್ಧಾರ ಆಗಲಿ, ಇನ್ನೊಂದು ಕಡೆ ಅದರ ನಕಲು ಬರಲಿ.

ಎಲ್ಲ ಕಡೆ ಬಿಐಸಿಯೇ ಬಳಕೆಯಲ್ಲಿದೆ ಎಂದೂ ಅಂದುಕೊಳ್ಳಬಾರದು. ಅಮೆರಿಕದ ಫೆಡ್‌ವೈರ್ 2025ರ ಜುಲೈ 14ರಂದು ಐಎಸ್ಒ 20022ಕ್ಕೆ ಬಂತು. ಅಲ್ಲಿ ಬ್ಯಾಂಕ್‌ಗಳ ಗುರುತು 9 ಅಂಕಿಯ ರೂಟಿಂಗ್ ಸಂಖ್ಯೆ. ಹೆಡರ್ ತಯಾರಿಸುವ ಕೋಡ್‌ನಲ್ಲಿ ‘ಸದಸ್ಯರ ಗುರುತು ಎಂದರೆ ಬಿಐಸಿ’ ಎಂದು ಗಟ್ಟಿಯಾಗಿ ಬರೆದಿಟ್ಟರೆ ಎರಡನೆಯ ಜಾಲಕ್ಕೆ ಸೇರುವ ದಿನ ಅದನ್ನು ಒಡೆಯಬೇಕಾಗುತ್ತದೆ.

ಬಿಸಿನೆಸ್ ಮೆಸೇಜ್ ಐಡೆಂಟಿಫೈಯರ್ ಈ ಸಂದೇಶಕ್ಕೆ ಕಳಿಸುವವರು ಕೊಡುವ ಗುರುತು. ಗರಿಷ್ಠ 35 ಅಕ್ಷರ. ಒಡಲಿನಲ್ಲಿ ಮೆಸೇಜ್ ಐಡಿ ಇದ್ದರೆ ಅದನ್ನೇ ಇಲ್ಲೂ ಇಡುವುದು ಒಳ್ಳೆಯ ಪದ್ಧತಿ. ಇಲ್ಲೊಂದು ತಮಾಷೆಯ ಗುಂಡಿ ಇದೆ. ವಿಶಿಷ್ಟ ಗುರುತು ಬೇಕು ಎಂದರೆ ಡೆವಲಪರ್ ಕೈ ಮೊದಲು ಹೋಗುವುದು ತಂತ್ರಾಂಶ ತಾನೇ ಹುಟ್ಟಿಸುವ ಯುಯುಐಡಿ ಎಂಬ ಗುರುತಿನ ಕಡೆಗೆ. ಅದರ ಉದ್ದ ಅಡ್ಡಗೆರೆಗಳೂ ಸೇರಿ 36 ಅಕ್ಷರ. ಒಂದೇ ಒಂದು ಅಕ್ಷರ ಜಾಸ್ತಿ! ಅಡ್ಡಗೆರೆ ತೆಗೆದರೆ 32 ಆಗುತ್ತದೆ, ಆರಾಮಾಗಿ ಹಿಡಿಸುತ್ತದೆ. ಕೊನೆಯ ಅಕ್ಷರ ಕತ್ತರಿಸುವುದು ಬೇಡ. ಇನ್ನು ಕೆಲವರು ಗಡಿಯಾರದ ಮಿಲಿಸೆಕೆಂಡ್ ತೆಗೆದುಕೊಂಡು ಗುರುತು ಮಾಡುತ್ತಾರೆ. ಎರಡು ಸರ್ವರ್ ಒಟ್ಟಿಗೆ ಓಡುವಾಗ ಒಂದೇ ಕ್ಷಣದಲ್ಲಿ ಎರಡು ಸಂದೇಶಕ್ಕೆ ಒಂದೇ ಗುರುತು ಬೀಳುತ್ತದೆ. ಕಡಿಮೆ ಸಂದೇಶ ಇರುವ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ.

ಮೆಸೇಜ್ ಡೆಫಿನಿಷನ್ ಐಡೆಂಟಿಫೈಯರ್ ಒಡಲು ಯಾವ ಬಗೆಯದು ಎಂದು ಹೇಳುತ್ತದೆ. ಉದಾಹರಣೆಗೆ ಪ್ಯಾಕ್ಸ್.008.001.08. ಮೊದಲ ಭಾಗ ಕ್ಷೇತ್ರ, ಎರಡನೆಯದು ಸಂದೇಶ, ಮೂರನೆಯದು ರೂಪಾಂತರ, ಕೊನೆಯದು ಆವೃತ್ತಿ. ಇದು ಒಡಲಿನ ನೇಮ್‌ಸ್ಪೇಸ್ ಜೊತೆ ಅಕ್ಷರಶಃ ಹೊಂದಬೇಕು. ಒಡಲನ್ನು 08ಕ್ಕೆ ಏರಿಸಿ ಹೆಡರ್‌ನಲ್ಲಿ ಹಳೆಯ ಸಂಖ್ಯೆ ಬಿಟ್ಟರೆ ಸಂದೇಶ ವಾಪಸ್. ಇದನ್ನು ಕಾನ್ಫಿಗರೇಶನ್ ಫೈಲ್‌ನಲ್ಲಿ ಇಡುವುದಕ್ಕಿಂತ ಒಡಲಿನ ನೇಮ್‌ಸ್ಪೇಸ್‌ನಿಂದಲೇ ತೆಗೆದು ತುಂಬುವುದು ಮೇಲು. ಆಗ ಹೊಂದದೇ ಇರಲು ಅವಕಾಶವೇ ಇರುವುದಿಲ್ಲ.

ಬಿಸಿನೆಸ್ ಸರ್ವಿಸ್ ಸ್ವಲ್ಪ ಬೇರೆ. ಸಂದೇಶದ ಬಗೆ ಒಂದೇ ಆದರೂ ನಿಯಮ ಬೇರೆ ಇರಬಹುದು. ಗಡಿಯಾಚೆಗಿನ ಪಾವತಿಯ ನಿಯಮಾವಳಿ ಸಿಬಿಪಿಆರ್ ಪ್ಲಸ್. ಅದರಲ್ಲಿ ಸಾಮಾನ್ಯ ಪಾವತಿಗೆ ‘ಸ್ವಿಫ್ಟ್.ಸಿಬಿಪಿಆರ್‌ಪ್ಲಸ್.02’ ಎಂಬಂಥ ಮೌಲ್ಯ ಇರುತ್ತದೆ. ಕವರ್ ಪಾವತಿಯಾದರೆ (ಸೂಚನೆ ನೇರವಾಗಿ ಹೋಗಿ, ಹಣ ಮಾತ್ರ ಬೇರೆ ಬ್ಯಾಂಕ್‌ಗಳ ಮೂಲಕ ಸಾಗುವ ಬಗೆ) ನಡುವೆ ‘ಸಿಒವಿ’ ಸೇರುತ್ತದೆ. ಕೈಹಾಕದೆ ನೇರವಾಗಿ ಸಾಗಬೇಕಾದ ಪಾವತಿಗೆ ‘ಎಸ್‌ಟಿಪಿ’ ಸೇರುತ್ತದೆ. ಯಾವ ನಿಯಮ ಹಚ್ಚಿ ಒಡಲನ್ನು ಪರೀಕ್ಷಿಸಬೇಕು ಎಂದು ಇದೇ ಹೇಳುತ್ತದೆ. ಕೊನೆಯ ಅಂಕಿ ನಿಯಮಾವಳಿಯ ಆವೃತ್ತಿ. ಸ್ವಿಫ್ಟ್ ಮಾನದಂಡಗಳ ವಾರ್ಷಿಕ ಬದಲಾವಣೆ ನವೆಂಬರ್‌ನಲ್ಲಿ ಬರುವುದು ರೂಢಿ. ಹಾಗಾಗಿ ಈ ಮೌಲ್ಯವನ್ನು ಕೋಡ್‌ನಲ್ಲಿ ಅಡಗಿಸಿಡಬೇಡಿ. ಯಾವ ದಿನಾಂಕದಿಂದ ಯಾವ ಮೌಲ್ಯ ಎಂಬುದನ್ನೂ ಸೇರಿಸಿ ಪಟ್ಟಿಯಲ್ಲಿ ಇಡಿ. ಬದಲಾವಣೆಯ ರಾತ್ರಿ ಯಾರೂ ಹೊಸ ಆವೃತ್ತಿ ಹಾಕಲು ಕೂರಬೇಕಿಲ್ಲ.

ಕ್ರಿಯೇಷನ್ ಡೇಟ್ ಎಂದರೆ ಸಂದೇಶ ತಯಾರಾದ ಸಮಯ. ಹಣ ಇತ್ಯರ್ಥವಾಗುವ ದಿನಾಂಕ ಅಲ್ಲ. ಹೆಡ್.001ರ ಮೊದಲ ಆವೃತ್ತಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯವನ್ನೇ ಕೇಳುತ್ತದೆ, ಕೊನೆಯಲ್ಲಿ ಝಡ್ ಅಕ್ಷರ ಇರಬೇಕು. ಸಿಬಿಪಿಆರ್ ಪ್ಲಸ್ ಬಳಸುವ ಎರಡನೆಯ ಆವೃತ್ತಿಯಲ್ಲಿ ಯುಟಿಸಿಗಿಂತ ಎಷ್ಟು ಮುಂದೆ ಅಥವಾ ಹಿಂದೆ ಎಂಬುದನ್ನು ಕೂಡು ಅಥವಾ ಕಳೆ ಚಿಹ್ನೆಯೊಂದಿಗೆ ಬರೆಯಬೇಕು. ಎರಡು ಜಾಲಕ್ಕೆ ಸೇರಿದ ಒಂದೇ ವ್ಯವಸ್ಥೆ ಎರಡು ಥರ ಬರೆಯಬೇಕಾಗಬಹುದು. ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ: ಭಾರತದಲ್ಲಿರುವ ಸರ್ವರ್‌ನ ಸ್ಥಳೀಯ ಸಮಯಕ್ಕೆ ಹಾಗೇ ಝಡ್ ಅಂಟಿಸುವುದು. ರೂಪ ಸರಿ ಇರುವುದರಿಂದ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಪಡೆದವರಿಗೆ ಮಾತ್ರ ಸಂದೇಶ ಇನ್ನೂ ಬಾರದ ಗಂಟೆಯಿಂದ ಬಂದಂತೆ ಕಾಣುತ್ತದೆ.

ಅನುವಾದದಲ್ಲಿ ಏನು ಎಲ್ಲಿಗೆ ಹೋಗುತ್ತದೆ

ಎಂಟಿಯಿಂದ ಹೊಸ ರೂಪಕ್ಕೆ ಬದಲಾಯಿಸುವಾಗ ಹೆಡರ್‌ನಲ್ಲಿದ್ದದ್ದೆಲ್ಲ ಹೆಡರ್‌ಗೇ ಹೋಗುತ್ತದೆ ಎಂಬ ನಂಬಿಕೆ ಇದೆ. ಹಾಗಿಲ್ಲ. ಕಳಿಸುವವರ ವಿಳಾಸ ಫ್ರಮ್‌ಗೆ, ಗುರಿ ವಿಳಾಸ ಟುಗೆ ಹೋಗುತ್ತವೆ, ಅದು ಸರಿ. ಅಲ್ಲೂ ಒಂಬತ್ತನೆಯ ಟರ್ಮಿನಲ್ ಅಕ್ಷರ ತೆಗೆದು 12ನ್ನು 11 ಮಾಡಬೇಕು. ಎಂಟಿಯ ಮೂರನೆಯ ಬ್ಲಾಕ್‌ನಲ್ಲಿ 121 ಎಂಬ ಫೀಲ್ಡ್ ಇದೆ. ಪಾವತಿಯನ್ನು ಆರಂಭದಿಂದ ಕೊನೆಯವರೆಗೆ ಹಿಂಬಾಲಿಸುವ ಯುಇಟಿಆರ್ ಅದರಲ್ಲಿರುತ್ತದೆ. 2018ರ ನವೆಂಬರ್‌ನಿಂದ ಅದು ಎಂಟಿ 103ರಲ್ಲಿ ಕಡ್ಡಾಯವಾಯಿತು. ಹೊಸ ರೂಪದಲ್ಲಿ ಇದರ ಜಾಗ ಹೆಡರ್ ಅಲ್ಲ, ಒಡಲು. ಅದೇ ಬ್ಲಾಕ್‌ನ 119ನೇ ಫೀಲ್ಡ್‌ನಲ್ಲಿ ಕವರ್ ಅಥವಾ ಎಸ್‌ಟಿಪಿ ಎಂಬ ಗುರುತು ಇದ್ದರೆ ಅದು ಬಿಸಿನೆಸ್ ಸರ್ವಿಸ್ ಆಗಿ ಹೆಡರ್‌ಗೆ ಏರುತ್ತದೆ. ಸೆಷನ್ ಸಂಖ್ಯೆ, ಸರಣಿ ಸಂಖ್ಯೆಗಳಿಗೆ ಹೊಸ ಹೆಡರ್‌ನಲ್ಲಿ ಜಾಗವೇ ಇಲ್ಲ. ಅವು ಜಾಲದ ಸ್ವಂತ ಲೆಕ್ಕ.

ಎರಡನೇ ಸಲ ಕಳಿಸುವಾಗ

ಗೇಟ್‌ವೇ ನಡುವೆ ಬಿದ್ದುಹೋಯಿತು. ಸಂದೇಶ ಹೋಯಿತೋ ಇಲ್ಲವೋ ಗೊತ್ತಿಲ್ಲ. ಮತ್ತೆ ಕಳಿಸಬೇಕು, ಆದರೆ ಹಣ ಎರಡು ಸಲ ಹೋಗಬಾರದು. ಇದಕ್ಕಾಗಿಯೇ ಎಂಟಿ ಟ್ರೇಲರ್‌ನಲ್ಲಿ ಪಿಡಿಇ ಎಂಬ ಗುರುತು ಇದೆ. ಹೊಸ ಹೆಡರ್‌ನಲ್ಲಿ ಪಾಸಿಬಲ್ ಡೂಪ್ಲಿಕೇಟ್ ಇದೆ. ಇದನ್ನು ಹಾಕಿದಾಗ ‘ಇದು ನಿಮಗೆ ಮೊದಲೇ ಬಂದಿರಬಹುದು, ನೋಡಿಕೊಳ್ಳಿ’ ಎಂದು ಹೇಳಿದಂತೆ. ಆಗ ಮೊದಲಿನ ಗುರುತನ್ನೇ ಉಳಿಸಬೇಕು. ಹೊಸ ಐಡೆಂಟಿಫೈಯರ್ ಕೊಟ್ಟು ಜೊತೆಗೆ ಈ ಧ್ವಜವನ್ನೂ ಏರಿಸಿದರೆ ಪಡೆದವರು ಯಾವುದರ ಜೊತೆ ಹೋಲಿಸಬೇಕು?

ಕಾಪಿ ಡೂಪ್ಲಿಕೇಟ್ ಎಂಬ ಇನ್ನೊಂದು ಫೀಲ್ಡ್ ಹೆಸರಿನಿಂದ ದಾರಿ ತಪ್ಪಿಸುತ್ತದೆ. ಅದು ಅನುಮಾನದ ಗುರುತಲ್ಲ. ಬೇಕೆಂದೇ, ಮಾಹಿತಿಗಾಗಿ ಕಳಿಸಿದ ಪ್ರತಿ ಎಂಬುದರ ಗುರುತು. ಎರಡನ್ನೂ ಗೊಂದಲ ಮಾಡಿಕೊಂಡ ವ್ಯವಸ್ಥೆ ಮಾಹಿತಿಗೆ ಬಂದ ಪ್ರತಿಯನ್ನು ಪಾವತಿ ಎಂದು ಓದುವ ಅಪಾಯ ಇದೆ. ಷೇರು ವ್ಯವಹಾರದ ಫಿಕ್ಸ್ ಪ್ರೋಟೋಕಾಲ್ ಈ ವಿಷಯದಲ್ಲಿ ಇನ್ನೂ ಸ್ಪಷ್ಟ. ಅದರ ಹೆಡರ್‌ನಲ್ಲಿ 43ನೇ ಟ್ಯಾಗ್ ಎಂದರೆ ಹಳೆಯ ಸರಣಿ ಸಂಖ್ಯೆಯಲ್ಲೇ ಮತ್ತೆ ಕಳಿಸಿದ್ದು. 97ನೇ ಟ್ಯಾಗ್ ಎಂದರೆ ಹೊಸ ಸರಣಿ ಸಂಖ್ಯೆ, ಆದರೆ ವಿಷಯ ಮೊದಲೇ ಹೋಗಿರಬಹುದು.

ಪರೀಕ್ಷಾ ಜಾಲ, ಅಸಲಿ ಜಾಲ

ಎಂಟಿಯ ಪರೀಕ್ಷಾ ವಿಳಾಸದಲ್ಲಿ ಬಿಐಸಿಯ ಎಂಟನೆಯ ಅಕ್ಷರ ಸೊನ್ನೆ. ಹೊಸ ಜಾಲದಲ್ಲಿ ಪರೀಕ್ಷೆಗೆ ಸೇವೆಯ ಹೆಸರೇ ಬೇರೆ. ಅಸಲಿ ಹೆಸರಿನ ತುದಿಗೆ ಆಶ್ಚರ್ಯಸೂಚಕ ಚಿಹ್ನೆ ಮತ್ತು ಪಿ ಅಕ್ಷರ ಸೇರುತ್ತವೆ. ಈ ಸೇವೆಯ ಹೆಸರು ಇರುವುದು ಜಾಲದ ಹೆಡರ್‌ನಲ್ಲಿ, ಅಪ್ಲಿಕೇಶನ್ ಹೆಡರ್‌ನಲ್ಲಲ್ಲ. ಹೀಗಾಗಿ ಪರಿಸರಕ್ಕೆ ತಕ್ಕಂತೆ ಬದಲಾಗುವ ಮೌಲ್ಯಗಳನ್ನೆಲ್ಲ ಗೇಟ್‌ವೇ ಹತ್ತಿರ ಇಟ್ಟುಬಿಡುವುದು ವಾಸಿ. ಪಾವತಿ ಅಪ್ಲಿಕೇಶನ್‌ಗೆ ತಾನು ಯಾವ ಪರಿಸರದಲ್ಲಿ ಇದ್ದೇನೆ ಎಂದು ಗೊತ್ತಿರಬೇಕಾದ ಅಗತ್ಯವೇ ಇಲ್ಲ.

ಸಹಿ ಬಗ್ಗೆಯೂ ಒಂದು ಮಾತು. ಹೊಸ ಹೆಡರ್‌ನಲ್ಲಿ ಡಿಜಿಟಲ್ ಸಹಿಗೆ ಜಾಗ ಇದೆ. ಸಹಿ ಹಾಕಿದ ಮೇಲೆ ಸಂದೇಶವನ್ನು ಯಾರೂ ಮುಟ್ಟಬಾರದು. ನಡುವಿನ ಯಾವುದೋ ತಂತ್ರಾಂಶ ಎಕ್ಸ್ಎಂಎಲ್ ಚೆನ್ನಾಗಿ ಕಾಣಲಿ ಎಂದು ಟ್ಯಾಗ್‌ಗಳ ನಡುವೆ ಸಾಲು ಬಿಡಿಸಿದರೂ ಸಹಿ ಮುರಿಯಬಹುದು. ಹಾಗೆಯೇ ಹೆಡರ್ ಓದುವಾಗ ಟ್ಯಾಗ್‌ನ ಹೆಸರನ್ನು ಅಕ್ಷರಗಳಾಗಿ ಹುಡುಕಬೇಡಿ. ಒಬ್ಬರು ನೇಮ್‌ಸ್ಪೇಸ್ ಪ್ರಿಫಿಕ್ಸ್ ಹಾಕಿ ಕಳಿಸುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಎರಡೂ ಸರಿಯೇ.

ವಾಪಸ್ ಬಂದಾಗ ಎಲ್ಲಿ ನೋಡಬೇಕು

ಎಂಟಿ ತಿರಸ್ಕಾರವಾದರೆ ಉತ್ತರದ 451ನೇ ಫೀಲ್ಡ್‌ನಲ್ಲಿ 1 ಇರುತ್ತದೆ, 405ರಲ್ಲಿ ಕಾರಣದ ಕೋಡ್ ಇರುತ್ತದೆ. ಕೋಡ್ ಎಚ್ ಅಕ್ಷರದಿಂದ ಶುರುವಾದರೆ ತಪ್ಪು ಹೆಡರ್‌ನಲ್ಲಿದೆ. ಎಚ್50 ಬಂದರೆ ಗುರಿ ವಿಳಾಸ, ಎಚ್80 ಬಂದರೆ ಆದ್ಯತೆ ಮತ್ತು ನಿಗಾ ಅಂಕಿಯ ಜೋಡಿ ನೋಡಿ. ಟಿ ಅಕ್ಷರದಿಂದ ಶುರುವಾದರೆ ಸಂದೇಶದ ಒಡಲು ನೋಡಿ. ಯಾವ ತಂಡಕ್ಕೆ ಫೋನ್ ಮಾಡಬೇಕು ಎಂಬುದು ಆ ಒಂದು ಅಕ್ಷರದಲ್ಲೇ ಗೊತ್ತಾಗುತ್ತದೆ.

ಐಎಸ್ಒ 20022ರಲ್ಲಿ ಇಷ್ಟು ಸಲೀಸಿಲ್ಲ, ಆದರೂ ದಾರಿ ಇದೆ. ಅಡ್ಮಿ.002 ಬಂದಿದ್ದರೆ ಸಂದೇಶವನ್ನು ಸಂದೇಶವಾಗಿಯೇ ಒಪ್ಪಿಲ್ಲ ಎಂದರ್ಥ. ಮೊದಲು ಹೆಡರ್, ಆವೃತ್ತಿ, ಬಿಸಿನೆಸ್ ಸರ್ವಿಸ್ ನೋಡಿ. ಪ್ಯಾಕ್ಸ್.002 ಬಂದು ಅದರಲ್ಲಿ ಪಾವತಿ ನಿರಾಕರಿಸಿದ್ದರೆ, ಆ ಕಡೆಯವರು ಹೆಡರ್ ದಾಟಿ ಒಳಗಿನದನ್ನು ಓದಿದ್ದಾರೆ. ಖಾತೆ ಮುಚ್ಚಿರಬಹುದು, ಹಣ ಸಾಲದೇ ಇರಬಹುದು. ಆಗ ಹೆಡರ್ ಕಾನ್ಫಿಗರೇಶನ್‌ಗೆ ಕೈ ಹಾಕಬೇಡಿ.